ಹಳೆಯ ಎಚ್‌ಟಿಸಿ ವೈಲ್ಡ್‌ಫೈರ್: ಪಾಸ್‌ವರ್ಡ್ ಸರಿ ಇದ್ದರೂ ಗೂಗಲ್ ಲಾಗಿನ್ ಆಗುತ್ತಿಲ್ಲ, ಕನ್ನಡ ಬರೀ ಚೌಕ ಚೌಕ

ಪ್ರಶ್ನೆ (ಸಿಂಧನೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣ ಬಳಸುತ್ತಿದ್ದ ಎಚ್‌ಟಿಸಿ ವೈಲ್ಡ್‌ಫೈರ್ ಸಿಕ್ಕಿದೆ. ಆಂಡ್ರಾಯ್ಡ್ 2.2.1 ಅಂತ ತೋರಿಸುತ್ತದೆ. ಇದನ್ನು ಹೊಲಕ್ಕೆ ಒಯ್ಯಲು ತಯಾರು ಮಾಡಬೇಕು ಅಂತ ಆಸೆ. ಕರೆ, ರೇಡಿಯೊ, ಹಾಡು, ರಾತ್ರಿ ತ್ರೀ ಫೇಸ್ ಕರೆಂಟ್ ಬರೋ ಹೊತ್ತಿಗೆ ಅಲಾರಂ, ಇಷ್ಟು ಸಾಕು.

ಫ್ಯಾಕ್ಟರಿ ರಿಸೆಟ್ ಮಾಡಿದೆ. ಅಲ್ಲಿಂದ ಗೂಗಲ್ ಖಾತೆ ಹಾಕಲು ಹೋದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಅದೇ ಪಾಸ್‌ವರ್ಡ್ ನನ್ನ ಹೊಸ ಫೋನಿನಲ್ಲಿ ಸರಿಯಾಗಿ ನಡೆಯುತ್ತದೆ. ಇನ್ನೊಂದು, ಹೊಸ ಫೋನಿನ ಹಾಟ್‌ಸ್ಪಾಟ್ ಈ ಫೋನಿಗೆ ಕಾಣುವುದೇ ಇಲ್ಲ, ಪಕ್ಕದ ಮನೆಯ ವೈಫೈ ಮಾತ್ರ ಕಾಣುತ್ತದೆ (ಅವರದ್ದೇ ಕೇಳಿ ಲಾಗಿನ್ ಪ್ರಯತ್ನ ಮಾಡಿದ್ದು). ಸಿಮ್ ಹಾಕಿದರೆ ಸಿಗ್ನಲ್ ಇಲ್ಲ. ಕನ್ನಡದಲ್ಲಿ ಮೆಸೇಜ್ ಬಂದರೆ ಚೌಕ ಚೌಕ. ಯಾವುದಾದರೂ ಒಂದಕ್ಕಾದರೂ ದಾರಿ ಹೇಳಿ.

ಉತ್ತರ (ಬಳ್ಳಾರಿಯಿಂದ)

ಮೊದಲು ಪಾಸ್‌ವರ್ಡ್ ಬದಲಾಯಿಸೋದನ್ನು ನಿಲ್ಲಿಸಿ, ನಿಮ್ಮ ಪಾಸ್‌ವರ್ಡಿನಲ್ಲಿ ಏನೂ ತಪ್ಪಿಲ್ಲ. ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ಗೂಗಲ್ ಸೈನ್‌ಇನ್ ಅನ್ನು 2021ರ ಸೆಪ್ಟೆಂಬರ್ 27ರಿಂದ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದೇವೆ ಅಂತ ಫೋನ್ ಹೇಳುವುದಿಲ್ಲ, ಪಾಸ್‌ವರ್ಡ್ ತಪ್ಪು ಅಂತಲೇ ತೋರಿಸುತ್ತದೆ. ಅದಕ್ಕೇ ಜನ ಸುಮ್ನೆ ಖಾತೆ ರಿಕವರಿ ಮಾಡಿ ಮಾಡಿ ಸುಸ್ತಾಗುತ್ತಾರೆ. ಸೆಟಪ್‌ನಲ್ಲಿ ಆ ಪುಟವನ್ನು ಸ್ಕಿಪ್ ಮಾಡಿ ಮುಂದೆ ಹೋಗಿ. ನೀವು ಹೇಳಿದ ನಾಲ್ಕು ಕೆಲಸಕ್ಕೂ ಗೂಗಲ್ ಖಾತೆ ಬೇಡವೇ ಬೇಡ.

ಹಾಟ್‌ಸ್ಪಾಟ್ ಕಾಣದಿರಲು ಕಾರಣ ಬೇರೆ. ಈ ಫೋನಿನ ವೈಫೈ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಹೊಸ ಫೋನುಗಳು ಎಷ್ಟೋ ಸಲ 5 ಗಿಗಾಹರ್ಟ್ಸ್‌ನಲ್ಲಿ ಬಿಡುತ್ತವೆ. ಹೊಸ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ಗೆ ಹೋಗಿ ಬ್ಯಾಂಡ್ 2.4 ಮಾಡಿ, ಸೆಕ್ಯುರಿಟಿ ಡಬ್ಲ್ಯುಪಿಎ2 ಇಡಿ. ಡಬ್ಲ್ಯುಪಿಎ3 ಇದ್ದರೆ ಇದು ಸೇರುವುದಿಲ್ಲ. ಆದರೆ ಸೇರಿದ ಮೇಲೂ ಬ್ರೌಸರ್ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಈಗಿನ ಬಹುತೇಕ ತಾಣಗಳು ಟಿಎಲ್‌ಎಸ್ (ತಾಣಕ್ಕೂ ಫೋನಿಗೂ ನಡುವೆ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ವ್ಯವಸ್ಥೆ) 1.2 ಕೇಳುತ್ತವೆ, ಆಂಡ್ರಾಯ್ಡ್ 2.2ರಲ್ಲಿ ಇರುವುದು 1.0.

ಸಿಮ್ ಯಾವ ಕಂಪನಿಯದ್ದು ಅಂತ ನೀವು ಬರೆದಿಲ್ಲ. ಜಿಯೊ ಆಗಿದ್ದರೆ ಅದಕ್ಕೆ 2ಜಿ, 3ಜಿ ನೆಟ್‌ವರ್ಕೇ ಇಲ್ಲ, ಈ ಫೋನಿಗೆ 4ಜಿ ಗೊತ್ತಿಲ್ಲ, ಹಾಗಾಗಿ ಅದು ಎಂದೂ ನಡೆಯುವುದಿಲ್ಲ. ನಿಮ್ಮ ಊರಲ್ಲಿ 2ಜಿ ಸಿಗ್ನಲ್ ಇರುವ ಬೇರೆ ಸಿಮ್ ಹಾಕಿ. ನ್ಯಾನೊ ಸಿಮ್‌ಗೆ ಅಡಾಪ್ಟರ್ ಬೇಕು, ಸಿಮ್ ಅದರಲ್ಲಿ ಸರಿಯಾಗಿ ಕೂತಿದೆಯಾ ನೋಡಿ ಹಾಕಿ. ಅಡಾಪ್ಟರ್ ಮಾತ್ರ ಒಳಗೆ ಹೋಗಿ ಹೊರಗೆ ಎಳೆದರೆ ಸಿಮ್ ಪಿನ್ನು ಕಿತ್ತು ಬರುತ್ತವೆ.

ಬ್ಯಾಟರಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊರಗೆ ತೆಗೆದು ಟೇಬಲ್ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ. ಬುಗುರಿ ಹಾಗೆ ತಿರುಗಿದರೆ ಅದು ಉಬ್ಬಿದೆ ಅಂತ ಅರ್ಥ, ಅದನ್ನು ಚಾರ್ಜ್‌ಗೆ ಇಡಲೇಬೇಡಿ. ನಮ್ಮ ಕಡೆಯ ಬೇಸಿಗೆಯಲ್ಲಿ, ಅದೂ ಹೊಲದಲ್ಲಿ ಬಿಸಿಲಿಗೆ ಇಡುವ ಫೋನು, ಇದರಲ್ಲಿ ಯಾವ ಸಡಿಲಿಕೆಯೂ ಬೇಡ. ಹೊಸ ಬ್ಯಾಟರಿ 1300 ಎಂಎಎಚ್‌ದು ಬೇಕು. ರಾಯಚೂರಿಗೆ ಹೋದರೆ ತೀನ್ ಕಂದೀಲ್ ಸುತ್ತಮುತ್ತ ಕೇಳಿ ನೋಡಿ.

ಉತ್ತರ (ಕೊಪ್ಪಳದಿಂದ)

ಬಳ್ಳಾರಿಯವರು ಹೇಳಿದ್ದೆಲ್ಲ ಸರಿ. ಕನ್ನಡದ ವಿಷಯ ನಾನು ಬರೆಯುತ್ತೇನೆ, ಈ ಕಾಲದ ಫೋನುಗಳಲ್ಲಿ ನಾನು ಜಾಸ್ತಿ ಹೊತ್ತು ಕಳೆದದ್ದೇ ಅದರ ಮೇಲೆ.

ಆಂಡ್ರಾಯ್ಡ್‌ಗೆ ಕನ್ನಡ ಬಂದದ್ದು 2012ರ 4.1 ಜೆಲ್ಲಿ ಬೀನ್‌ನಲ್ಲಿ, ತೆಲುಗು ಮತ್ತು ಮಲಯಾಳಂ ಜೊತೆಗೆ. ಅದಕ್ಕೆ ಮೊದಲು ಕೆಲವು ಕಂಪನಿಗಳು ತಾವೇ ಸೇರಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಗ ನಾವು ಒಪೆರಾ ಮಿನಿಯಲ್ಲಿ ಅಡ್ರೆಸ್ ಬರೆಯುವ ಜಾಗದಲ್ಲಿ ಒಪೆರಾ, ಕೋಲನ್, ಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ ಬರೆದು, ಒಳಗೆ ಬಿಟ್‌ಮ್ಯಾಪ್ ಫಾಂಟ್ ಅನ್ನೋ ಆಯ್ಕೆಯನ್ನು ಯೆಸ್ ಮಾಡುತ್ತಿದ್ದೆವು. ಅಕ್ಷರಗಳು ಅವರ ಸರ್ವರಿನಲ್ಲೇ ಚಿತ್ರವಾಗಿ ಬರುತ್ತಿದ್ದವು. ಕನ್ನಡ ಪತ್ರಿಕೆಗಳನ್ನು ಹಾಗೇ ಓದುತ್ತಿದ್ದೆವು. ಆದರೆ ಅದು ಬ್ರೌಸರಿನ ಒಳಗೆ ಮಾತ್ರ, ಮೆಸೇಜಿಗೆ ಉಪಯೋಗ ಇರಲಿಲ್ಲ.

ಇನ್ನೊಂದು ದಾರಿಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಫೋನ್ ರೂಟ್ ಮಾಡಿ (ಅಂದರೆ ಒಳಗಿನ ಸಿಸ್ಟಮ್ ಫೈಲುಗಳನ್ನೂ ಬದಲಿಸುವ ಅಧಿಕಾರ ಪಡೆದು), ಸಿಸ್ಟಮ್ ಫಾಂಟ್ಸ್ ಫೋಲ್ಡರಿನಲ್ಲಿರುವ ಡ್ರಾಯ್ಡ್ ಸ್ಯಾನ್ಸ್ ಫಾಲ್‌ಬ್ಯಾಕ್ ಫೈಲ್ ತೆಗೆದು ಕನ್ನಡ ಇರುವ ಫಾಂಟ್ ಹಾಕಿ ಅಂತ. ಚೌಕ ಹೋಗುತ್ತದೆ, ನಿಜ. ಆದರೆ ಅಕ್ಷರ ಜೋಡಿಸುವ ಕೆಲಸ ಫಾಂಟ್ ಒಂದರಿಂದಲೇ ಆಗುವುದಲ್ಲ, ಅದಕ್ಕೆ ಒಳಗೆ ಬೇರೆ ತಂತ್ರಾಂಶ ಬೇಕು, 2.2ರಲ್ಲಿ ಅದು ಇಲ್ಲ. ಹಾಗಾಗಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಕೊಪ್ಪಳ ಅನ್ನೋದು ಕೊಪ್‌ಪಳ ಆಗುತ್ತದೆ, ಬಳ್ಳಾರಿ ಬಳ್‌ಳಾರಿ ಆಗುತ್ತದೆ. ಒಂದು ಸಾಲು ಓದಬಹುದು, ಒಂದು ಪುಟ ಓದಲು ಆಗುವುದಿಲ್ಲ. ಇಷ್ಟಕ್ಕೆ ರೂಟ್ ಮಾಡಿ ಅಂತ ನಾನು ಹೇಳಲ್ಲ. ಕಂಪನಿಯದ್ದಲ್ಲದೆ ಬೇರೆಯವರು ಮಾಡಿದ ಆಂಡ್ರಾಯ್ಡ್ ಆದ ಸೈನೊಜೆನ್‌ಮಾಡ್ 7 ಈ ಫೋನಿಗೆ ಇತ್ತು, ಅದೂ ಆಂಡ್ರಾಯ್ಡ್ 2.3ರ ಮೇಲೆ ಮಾಡಿದ್ದು, ಕನ್ನಡಕ್ಕೆ ಅದರಿಂದಲೂ ಲಾಭ ಇಲ್ಲ. 384 ಎಂಬಿ ರ‍್ಯಾಮ್ ಮೇಲೆ 4.1 ಓಡಿಸೋದು ಫೋನಿಗೆ ಹಿಂಸೆ.

ನಾನು ಮಾಡುವುದು ಸರಳ. ಕಾಂಟ್ಯಾಕ್ಟ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಹೊಸ ಫೋನಿನಿಂದ ವಿಸಿಎಫ್ ಫೈಲ್ ಆಗಿ ತೆಗೆದು, ಮೆಮೊರಿ ಕಾರ್ಡಿಗೆ ಹಾಕಿ ಇದರಲ್ಲಿ ಇಂಪೋರ್ಟ್ ಮಾಡುತ್ತೇನೆ. ಕನ್ನಡದಲ್ಲಿ ಓದಬೇಕಾದದ್ದು, ಅಂದರೆ ವಚನ, ತತ್ವಪದ, ಔಷಧ ಹೊಡೆಯುವ ಪ್ರಮಾಣ, ಇವನ್ನು ಹೊಸ ಫೋನಿನಲ್ಲಿ ದಪ್ಪ ಅಕ್ಷರ ಮಾಡಿ ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಗೆ ಹಾಕುತ್ತೇನೆ. ಪರದೆ 240×320 ಮಾತ್ರ, ಅಕ್ಷರ ದೊಡ್ಡದಿದ್ದಷ್ಟೂ ಒಳ್ಳೆಯದು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಅಣ್ಣಾ ಇಬ್ಬರಿಗೂ. ಹಾಟ್‌ಸ್ಪಾಟ್ ಸಿಕ್ಕಿತು. ಬೇರೆ ಸಿಮ್ ಹಾಕಿದೆ, ಕರೆ ಹೋಗುತ್ತಿದೆ. ಬ್ಯಾಟರಿ ಉಬ್ಬಿಯೇ ಇತ್ತು, ತೆಗೆದಿಟ್ಟು ಹೊಸದು ಹಾಕಿದೆ. ಈಗ ಎರಡು ಮಾತು. ಅಲಾರಂಗೆ ನನ್ನದೇ ಧ್ವನಿ ಇಡಬಹುದಾ, ಇದರಲ್ಲಿ ಇರುವ ಟೋನ್ ಹೊಲದಲ್ಲಿ ಕೇಳಿಸಲ್ಲ. ರೇಡಿಯೊ ತೆರೆದರೆ ಏನೂ ಬರುತ್ತಿಲ್ಲ.

ಉತ್ತರ (ಬಳ್ಳಾರಿಯಿಂದ)

ಇಡಬಹುದು. ಮೆಮೊರಿ ಕಾರ್ಡಿನಲ್ಲಿ ಮೀಡಿಯಾ ಅಂತ ಫೋಲ್ಡರ್, ಅದರೊಳಗೆ ಆಡಿಯೊ, ಅದರೊಳಗೆ ಅಲಾರಮ್ಸ್. ಮೂರೂ ಇಂಗ್ಲಿಷ್ ಸಣ್ಣಕ್ಷರದಲ್ಲಿ ಇರಲಿ. ಎಂಪಿ3 ಅಲ್ಲಿ ಹಾಕಿ ಕೇಬಲ್ ತೆಗೆದರೆ, ಸ್ವಲ್ಪ ಹೊತ್ತಿನಲ್ಲಿ ಅಲಾರಂ ಪಟ್ಟಿಯಲ್ಲಿ ಅದು ಬರುತ್ತದೆ. ರಿಂಗ್‌ಟೋನಿಗೆ ಅಲಾರಮ್ಸ್ ಬದಲು ರಿಂಗ್‌ಟೋನ್ಸ್ ಅಂತ ಫೋಲ್ಡರ್ ಮಾಡಿ. ಫೋನ್ ಪೂರ್ತಿ ಆಫ್ ಮಾಡಿದರೆ ಅಲಾರಂ ಹೊಡೆಯುವುದಿಲ್ಲ, ಚಾರ್ಜ್ ಉಳಿಸಬೇಕಾದರೆ ಏರೋಪ್ಲೇನ್ ಮೋಡ್ ಹಾಕಿ. ಬ್ಯಾಟರಿ ತೆಗೆದು ಹಾಕಿದಾಗ ತಾರೀಖು, ಟೈಮ್ ಸರಿ ಇದೆಯಾ ಅಂತಲೂ ನೋಡಿಕೊಳ್ಳಿ, ಇಲ್ಲವಾದರೆ ನೀರು ಬಿಡುವ ಹೊತ್ತಿಗೆ ನೀವು ನಿದ್ದೆಯಲ್ಲೇ ಇರುತ್ತೀರಿ.

ಇನ್ನೂ ಒಂದು. ಒಳಗಿನ ಮೆಮೊರಿ ತೀರಾ ಕಡಿಮೆಯಾದರೆ ಈ ಫೋನುಗಳಿಗೆ ಎಸ್‌ಎಂಎಸ್ ಬರುವುದೇ ನಿಲ್ಲುತ್ತದೆ. ಮ್ಯಾಪ್ಸ್‌ನಂತಹ ಆ್ಯಪ್‌ಗಳ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಿ. 2.2ರಲ್ಲಿ ಕೆಲವು ಆ್ಯಪ್‌ಗಳನ್ನು ಕಾರ್ಡಿಗೆ ಸರಿಸಲೂಬಹುದು. ಸೆಟ್ಟಿಂಗ್‌ನಲ್ಲಿ ಅನಿಮೇಷನ್ ಆಫ್ ಮಾಡಿದರೆ ಕೈಗೆ ಹಗುರ ಅನಿಸುತ್ತದೆ.

ಉತ್ತರ (ಕೊಪ್ಪಳದಿಂದ)

ರೇಡಿಯೊಗೆ ಇಯರ್‌ಫೋನ್ ವೈರೇ ಆಂಟೆನಾ. ವೈರ್ ಸಿಕ್ಕಿಸಿ, ಸುತ್ತಿಡದೆ ಉದ್ದ ಬಿಟ್ಟು ಸ್ಕ್ಯಾನ್ ಮಾಡಿ, ಆಮೇಲೆ ಬೇಕಾದರೆ ಸ್ಪೀಕರಿಗೆ ಬದಲಾಯಿಸಿಕೊಳ್ಳಬಹುದು. ನಮಗೆ ಇಲ್ಲಿ ಹೊಸಪೇಟೆ ಆಕಾಶವಾಣಿ ಸಿಗುತ್ತದೆ. ನಿಮ್ಮ ಹೊಲದಲ್ಲಿ ರಾಯಚೂರು ಸಿಗುತ್ತದಾ ಹೊಸಪೇಟೆ ಸಿಗುತ್ತದಾ ಅಂತ ಇಲ್ಲೇ ಬರೆಯಿರಿ, ಆ ಕಡೆಯವರಿಗೆ ಬೇಕಾಗುತ್ತದೆ.