ಸಹಾಯ ಬೇಕು: ಬಾಣಂತಿಗೆ ಫಿಟ್ಸ್ ಬಂದ ಕೇಸ್, ಉತ್ತರ ಎಲ್ಲಿಂದ ಶುರು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಎಂಬಿಬಿಎಸ್ ಫೈನಲ್ ಇಯರ್ ಓದುತ್ತಿದ್ದೇನೆ. ನ್ಯೂರಾಲಜಿ, ಸೈಕಿಯಾಟ್ರಿ, ಓಬಿಜಿ (ಹೆರಿಗೆ, ಸ್ತ್ರೀರೋಗ ವಿಷಯ) ಒಟ್ಟಿಗೆ ರಿವಿಷನ್ ನಡೆದಿದೆ. ಬಾಣಂತಿ ಕೇಸ್ ಬಂದರೆ ಮಾತ್ರ ಮೂರೂ ಕಲಸಿಹೋಗುತ್ತವೆ.

ಸೈಕಿಯಾಟ್ರಿ ಹೇಗೋ ಹಿಡಿತಕ್ಕೆ ಬಂತು. ಬ್ಲೂಸ್ (ಹೆರಿಗೆಯಾದ ಮೇಲೆ ಬರುವ ಬೇಸರ, ಅಳು) ಆದರೆ ಎರಡು ವಾರದೊಳಗೆ ತಾನಾಗೇ ಇಳಿಯುತ್ತದೆ, ಜಾಸ್ತಿ ಎಳೆದರೆ ಡಿಪ್ರೆಶನ್ ನೆನಪಿಗೆ ಬರಬೇಕು.

ಸಿಕ್ಕಿಕೊಂಡಿರುವುದು ಇಲ್ಲಿ. ಹೆರಿಗೆಯಾಗಿ ಎಂಟನೇ ದಿನ, ಜೋರು ತಲೆನೋವು, ಆಮೇಲೆ ಫಿಟ್ಸ್. ಬಿಪಿ 150/100. ಎಕ್ಲಾಂಪ್ಸಿಯಾ, ಅಂದರೆ ಬಸಿರು-ಬಾಣಂತನದಲ್ಲಿ ಬಿಪಿ ಏರಿ ಬರುವ ಫಿಟ್ಸ್, ಹೆರಿಗೆಯಾಗಿ 48 ಗಂಟೆ ದಾಟಿದ ಮೇಲೂ ಬರಬಹುದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಿವಿಟಿ ಕೂಡ ಬಾಣಂತನದಲ್ಲೇ ಹೀಗೇ ಕಾಣಿಸಿಕೊಳ್ಳುತ್ತದೆ, ಅಲ್ವಾ? ಎಕ್ಲಾಂಪ್ಸಿಯಾಗೆ ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್, ಸಿವಿಟಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್. ನನ್ನ ಓಬಿಜಿ ನೋಟ್ಸಿನಲ್ಲಿ ಮೊದಲು ಮ್ಯಾಗ್ನೀಷಿಯಂ ಅಂತಿದೆ, ಮೆಡಿಸಿನ್ ನೋಟ್ಸಿನಲ್ಲಿ ಮೊದಲು ಎಂಆರ್ ವೆನೋಗ್ರಫಿ (ಮೆದುಳಿನ ರಕ್ತನಾಳದ ಸ್ಕ್ಯಾನ್). ಹಳೇ ಪ್ರಶ್ನೆಪತ್ರಿಕೆ ತಿರುವಿದೆ, ಸೀನಿಯರ್ ಅಕ್ಕನನ್ನೂ ಕೇಳಿದೆ. "ಎರಡೂ ಬರಿ" ಅಂದರು. ಆದರೆ ಕ್ರಮಕ್ಕೇ ಮಾರ್ಕ್ಸ್ ಇರುತ್ತದೆ. ನಾಳೆ ವಾರ್ಡಿನಲ್ಲಿ ನಿಜವಾದ ತಾಯಿ ಮುಂದಿದ್ದಾಗಲೂ ಇದೇ ಕ್ರಮ ಬೇಕಲ್ಲ.

ಪಿಜಿ ಮಾಡುತ್ತಿರುವವರು ದಯವಿಟ್ಟು ಹೇಳಿ: ಬಿಪಿ ಜಾಸ್ತಿ ಇದ್ದರೆ ಮ್ಯಾಗ್ನೀಷಿಯಂ ಶುರು ಮಾಡಿ ಆಮೇಲೆ ಸ್ಕ್ಯಾನ್ ಅಂತ ಬರೆಯಬೇಕಾ? ಯಾವ ಲಕ್ಷಣ ಕಂಡರೆ ಸಿವಿಟಿಯನ್ನು ಮೊದಲು ಬರೆಯಬೇಕು?