ಏರ್‌ಲಾಕ್ ಸೈಲೆಂಟ್ ಆಗೋಯ್ತು, ಬಿಯರ್ ಬಾಟ್ಲಿಗೆ ತುಂಬ್ಬೋದಾ?

ಹೊಸಬ್ರೂವರ್:
ಫಸ್ಟ್ ಟೈಮ್ ಮನೇಲಿ ಬಿಯರ್ ಮಾಡ್ತಿದೀನಿ. ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬಾರ್ಲಿ ಸಾರ) ಕಿಟ್, 20 ಲೀಟರ್, ಏಲ್ ಯೀಸ್ಟ್. ಯೀಸ್ಟ್ ಹಾಕಿದ ಮಾರನೇ ದಿನದಿಂದ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಮೇಲಿನ ನೀರಿನ ಕವಾಟ) ಗುಳುಗುಳು ಅಂತ ಒಂದೇ ಸಮ ಸೌಂಡು, ಈಗ ಐದನೇ ದಿನ, ಉಸಿರೇ ಇಲ್ಲ. ಹುಳಿಯೋದು ಮುಗೀತಾ? ಮುಚ್ಚಳ ತೆಗೆದು ಮೂಸಿದ್ರೆ ಹಸಿ ಸೇಬಿನ ವಾಸನೆ ಬೇರೆ, ಬಕೆಟ್ ಒಳಗೆ ಸುತ್ತಲೂ ಕಂದು ಕೊಳೆ ಅಂಟ್ಕೊಂಡಿದೆ. ಕೆಟ್ಟೋಗಿದ್ರೆ ಚೆಲ್ಲಿಬಿಡ್ಲಾ?

ಹಳೇಪೀಪಾಯಿ:
ಅಯ್ಯೋ ಚೆಲ್ಬೇಡಿ ಗುರು! ಆ ಕೊಳೆ ಯೀಸ್ಟ್ ನೊರೆ ಉಕ್ಕಿ ಇಳಿದಾಗ ಉಳಿಯೋ ಗುರುತು, ಎಲ್ರಿಗೂ ಆಗತ್ತೆ. ಸೇಬಿನ ವಾಸನೆ ಯೀಸ್ಟ್ ಹುಟ್ಟಿಸೋ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕದ್ದು, ಯೀಸ್ಟ್ ತಾನು ಮಾಡಿದ್ದನ್ನ ತಾನೇ ತಿಂದು ಕ್ಲೀನ್ ಮಾಡೋಕೆ ಇನ್ನೂ ಟೈಮ್ ಬೇಕು ಅಂತ ಅರ್ಥ. ಬಬಲ್ ನೋಡಿ ಏನೂ ಡಿಸೈಡ್ ಮಾಡ್ಬೇಡಿ, ಮುಚ್ಚಳ ಸ್ವಲ್ಪ ಲೂಸ್ ಇದ್ರೂ ಗ್ಯಾಸ್ ಆ ಕಡೆಯಿಂದ ಹೋಗ್ಬಿಡತ್ತೆ. ಹೈಡ್ರೋಮೀಟರ್ (ನೀರನ್ನ 1.000 ಅಂತ ಇಟ್ಕೊಂಡು ದ್ರವದ ಸಾಂದ್ರತೆ ಅಳೆಯೋ ತೇಲು ಕಡ್ಡಿ, ಸಕ್ಕರೆ ಕಮ್ಮಿ ಆದಂಗೆ ರೀಡಿಂಗ್ ಇಳಿಯತ್ತೆ) ಇದ್ಯಾ? ರೂಮ್ ಟೆಂಪರೇಚರ್ ಎಷ್ಟು?

ಹೊಸಬ್ರೂವರ್:
ಇದೆ ಸರ್. ಶುರುನಲ್ಲಿ 1.046, ಇವತ್ತು 1.018. ರೂಮು 24 ಡಿಗ್ರಿ.

ಹಳೇಪೀಪಾಯಿ:
ನೋಡಿ, ಇನ್ನೂ ಸಕ್ಕರೆ ಉಳಿದಿರೋ ಹಂಗಿದೆ. ಹಾಗೇ ಬಿಡಿ, ಒಟ್ಟು ಎರಡು ವಾರ ಮುಟ್ಲೇಬೇಡಿ, ಆಮೇಲೆ ಎರಡು ಮೂರು ದಿನ ಗ್ಯಾಪಲ್ಲಿ ಎರಡು ಸಲ ರೀಡಿಂಗ್ ತಗೊಂಡು ಎರಡೂ ಒಂದೇ ಬಂದ್ರೆ ಮಾತ್ರ ಬಾಟ್ಲಿ. ತೆಗೆದ ಸ್ಯಾಂಪಲ್ ವಾಪಸ್ ಸುರೀಬೇಡಿ, ಕುಡೀರಿ. ಮುಂದಿನ ಸಲ ಮಾತ್ರ 18ರಿಂದ 20 ಡಿಗ್ರಿ ಒಳಗೆ ಇಡಿ, ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸತ್ತೆ, ರೂಮ್ 24 ಇದ್ರೆ ಒಳಗೆ ಇನ್ನೂ ಮೂರ್ನಾಲ್ಕು ಜಾಸ್ತಿ ಇರತ್ತೆ. ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿದ್ರೂ ಸಾಕು.

ನೊರೆರಾಯ:
ಆತುರ ಪಟ್ಟವನ ಕಥೆ ಕೇಳಿ. ನಾನು ಆರನೇ ದಿನಕ್ಕೇ ತುಂಬಿದ್ದೆ, ಉಳಿದ ಸಕ್ಕರೆಯಿಂದ ಬಾಟ್ಲಿ ಒಳಗೇ ಗ್ಯಾಸ್ ಹುಟ್ತಾ ಹೋಯ್ತು. ಹತ್ತು ದಿನ ಆದ್ಮೇಲೆ ಮಧ್ಯರಾತ್ರಿ ಬಟ್ಟೆ ಬೀರು ಒಳಗಿಂದ ಡಂ ಅಂತ ಶಬ್ದ, ತೆಗೆದು ನೋಡಿದ್ರೆ ಮೂರು ಬಾಟ್ಲಿ ಚೂರು ಚೂರು, ಒಂದು ಗಾಜಿನ ತುಂಡು ಮರದ ಬಾಗಿಲಿಗೆ ಚುಚ್ಕೊಂಡಿತ್ತು, ಶರ್ಟೆಲ್ಲಾ ಬಿಯರ್. ಮುಂದೆ ನಿಂತಿದ್ರೆ ಕಣ್ಣು ಹೋಗ್ತಿತ್ತು. ಬಾಟ್ಲಿಗೆ ಹಾಕುವಾಗ ಗ್ಯಾಸ್ ಬರೋಕೆ 20 ಲೀಟರ್‌ಗೆ ಸುಮಾರು 120 ಗ್ರಾಂ ಸಕ್ಕರೆ, ತೂಕ ಮಾಡಿ, ಚಮಚ ಲೆಕ್ಕ ಬೇಡ. ನೀರಲ್ಲಿ ಕುದಿಸಿ ಆರಿಸಿ ಪೂರ್ತಿ ಬಿಯರ್‌ಗೆ ಮೆಲ್ಲಗೆ ಕಲಸಿ, ನೊರೆ ಬರೋ ಹಂಗೆ ಅಲ್ಲಾಡಿಸಿದ್ರೆ ಗಾಳಿ ಸೇರಿ ಆಮೇಲೆ ಒದ್ದೆ ರಟ್ಟಿನ ರುಚಿ ಬರತ್ತೆ.

ಹಾಪ್ಸ್‌ಪ್ರಿಯೆ:
ಬ್ಲೀಚ್‌ನಲ್ಲಿ ಬಾಟ್ಲಿ ತೊಳೀಬೇಡಿ ದಯವಿಟ್ಟು. ಸ್ವಲ್ಪ ಉಳಿದ್ರೂ ಬ್ಯಾಂಡೇಜ್ ವಾಸನೆ, ಅದು ಎಷ್ಟು ದಿನ ಇಟ್ರೂ ಹೋಗಲ್ಲ. ಹಾಕಿದ್ಮೇಲೆ ಮತ್ತೆ ನೀರಲ್ಲಿ ತೊಳೀಬೇಕಾಗಿಲ್ಲದ ಸ್ಯಾನಿಟೈಸರ್ ತಗೊಳ್ಳಿ. ಬಾಟ್ಲಿ ಕಂದು ಬಣ್ಣದ್ದೇ ಇರ್ಲಿ, ಬಿಸಿಲಿಗೆ ಇಡ್ಬೇಡಿ.

ಹೊಸಬ್ರೂವರ್:
ಅಪ್‌ಡೇಟ್. ಹದಿನೈದನೇ ದಿನ 1.011, ಹದಿನೆಂಟಕ್ಕೂ 1.011. ಮೊದಲ ರೀಡಿಂಗ್‌ಗೂ ಇದಕ್ಕೂ ಇರೋ ವ್ಯತ್ಯಾಸನ 131ರಿಂದ ಗುಣಿಸಿದ್ರೆ ಆಲ್ಕೋಹಾಲ್ ಸುಮಾರು 4.6% ಬಂತು. ಸ್ಯಾಂಪಲ್ ಕುಡ್ದೆ, ಗ್ಯಾಸ್ ಇಲ್ದೆ ಸಪ್ಪೆ ಸಪ್ಪೆ, ಆದ್ರೆ ಸೇಬು ಮಾಯ! ನಾಳೆ ಬಾಟ್ಲಿ ತುಂಬ್ತೀನಿ. ಬಟ್ಟೆ ಬೀರು ಒಳಗಂತೂ ಇಡಲ್ಲ.