'ಲೆಟರ್ಸ್ ಆಫ್ ಇನ್ಹಿಬಿಷನ್': ಜಪ್ತಿಯೋ, ತಡೆಯಾಜ್ಞೆಯೋ?

ಪ್ರಶ್ನೆ: ಸ್ಕಾಟ್ಲೆಂಡಿನ 18ನೇ ಶತಮಾನದ ಜಮೀನು ವ್ಯಾಜ್ಯವೊಂದರ ಕಾಗದಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಾಲ ಕೊಟ್ಟವನು ಸಾಲಗಾರನ ಮೇಲೆ 'ಲೆಟರ್ಸ್ ಆಫ್ ಇನ್ಹಿಬಿಷನ್' ತಂದ ಎಂದಿದೆ. 'ಜಪ್ತಿ ಆದೇಶ' ಎಂದು ಬರೆದೆ. ಆದರೆ ಮುಂದಿನ ಪುಟದಲ್ಲಿ ಅದೇ ಸಾಲಗಾರ ಅದೇ ಜಮೀನಿನ ಗೇಣಿ ವಸೂಲು ಮಾಡುತ್ತಿದ್ದಾನೆ. 'ತಡೆಯಾಜ್ಞೆ' ಸರಿಹೋದೀತೆ? ಅಡ್ಜುಡಿಕೇಶನ್, ವಾಡ್ಸೆಟ್, ರಿಡಕ್ಷನ್ ಎಂಬ ಪದಗಳೂ ಬರುತ್ತವೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ಎರಡೂ ಬೇಡ. 'ಪರಭಾರೆ ನಿಷೇಧ ಪತ್ರ' ಎನ್ನಿ. ಪರಭಾರೆ ನಮ್ಮ ಕಂದಾಯ ಕಚೇರಿಯಲ್ಲಿ ದಿನನಿತ್ಯ ಓಡಾಡುವ ಮಾತು. ಕ್ರಯ, ದಾನ, ಅಡಮಾನ ಎಲ್ಲವೂ ಅದರೊಳಗೆ ಬರುತ್ತವೆ. ಈ ಪತ್ರ ತಡೆಯುವುದೂ ಅವನ್ನೇ.

ಜಪ್ತಿ ಏಕೆ ಬೇಡ ಎಂದರೆ, ಇನ್ಹಿಬಿಷನ್ ಯಾವ ಜಮೀನಿನ ಮೇಲೂ ಕೂರುವುದಿಲ್ಲ, ಮನುಷ್ಯನ ಮೇಲೆ ಕೂರುತ್ತದೆ. ಅದರಲ್ಲಿ ಚಕ್ಕುಬಂದಿ ಇರುವುದಿಲ್ಲ, ಸಾಲಗಾರನ ಹೆಸರು ಇರುತ್ತದೆ. ಅವನು ಉಳುಮೆ ಮಾಡಿಸಬಹುದು, ಗೇಣಿ ತೆಗೆದುಕೊಳ್ಳಬಹುದು. ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಅಷ್ಟೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮದಂತೆ ಸ್ಥಿರಾಸ್ತಿ ಜಪ್ತಿಯೂ ಪರಭಾರೆ ಮಾಡಬೇಡ ಎಂಬ ಆದೇಶದ ಮೂಲಕವೇ ಆಗುತ್ತದೆ, ಡಂಗುರ ಹೊಡೆಸಿ ಸಾರಲಾಗುತ್ತದೆ. ಹಾಗಾಗಿ ನಿಮ್ಮ ಊಹೆ ತೀರಾ ದೂರದ್ದಲ್ಲ. ಆದರೆ ನಮ್ಮಲ್ಲಿ ಅದು ಗೊತ್ತುಪಡಿಸಿದ ಆಸ್ತಿಗೆ ಅಂಟಿಕೊಂಡು ಹರಾಜಿಗೆ ದಾರಿ ಮಾಡುತ್ತದೆ. ಇನ್ಹಿಬಿಷನ್‌ನಿಂದ ಸಾಲ ಕೊಟ್ಟವನಿಗೆ ಒಂದು ಅಂಗುಲ ಜಮೀನೂ ಸಿಗುವುದಿಲ್ಲ. ಜಮೀನು ಬೇಕಾದರೆ ಅವನು ಅಡ್ಜುಡಿಕೇಶನ್ ಎಂಬ ಬೇರೆ ದಾವೆ ಹೂಡಬೇಕು.

'ತಡೆಯಾಜ್ಞೆ'ಯನ್ನು ಅಲ್ಲಿಯ 'ಇಂಟರ್ಡಿಕ್ಟ್'ಗೆ ಮೀಸಲಿಡಿ, ಮುಂದೆ ಎಲ್ಲಾದರೂ ಅದು ಎದುರಾಗುತ್ತದೆ. 'ಇಂಟರ್ಡಿಕ್ಷನ್' ಮತ್ತೊಂದು: ದುಂದುಗಾರನೋ ಸುಲಭವಾಗಿ ಮೋಸಹೋಗುವವನೋ ತನ್ನ ಆಸ್ತಿ ಹಾಳುಮಾಡದಂತೆ ಹಾಕುವ ಕಡಿವಾಣ. ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಆ ಕಾಲದಲ್ಲಿ ಪತ್ರ ಹೊರಡುತ್ತಿದ್ದ ಕ್ರಮ ಗೊತ್ತಿದ್ದರೆ ನಿಮ್ಮ ಕಾಗದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಸಾಲ ಕೊಟ್ಟವನ ಕೈಯಲ್ಲಿ ಡಿಕ್ರಿಯೋ, ಜಾರಿಗಾಗಿ ನೋಂದಾಯಿಸಿದ ಬಾಂಡೋ, ಇಲ್ಲವೇ ನಡೆಯುತ್ತಿರುವ ದಾವೆಯೋ ಇರಬೇಕು. ಅದರ ಆಧಾರದ ಮೇಲೆ ಎಡಿನ್ಬರೋದಲ್ಲಿ ಅರ್ಜಿ. ಅರ್ಜಿ ಒಪ್ಪಿಗೆಯಾದರೆ ಅದರ ಮೇಲೆ 'ಫಿಯಾಟ್ ಉಟ್ ಪೆಟಿಟುರ್', ಅಂದರೆ 'ಕೇಳಿದಂತೆ ಆಗಲಿ' ಎಂಬ ಲ್ಯಾಟಿನ್ ಷರಾ ಬೀಳುತ್ತದೆ. ನಂತರ ರಾಜನ ಹೆಸರಿನಲ್ಲಿ, ಸಿಗ್ನೆಟ್ ಎಂಬ ಚಿಕ್ಕ ರಾಜಮುದ್ರೆಯಡಿ ಪತ್ರ ಹೊರಡುತ್ತದೆ. ಪತ್ರ ಇಬ್ಬರಿಗೆ ಅಡ್ಡ ಬರುತ್ತದೆ: ಸಾಲಗಾರ ಮಾರಕೂಡದು, 'ಲೀಜಸ್' ಅಂದರೆ ಪ್ರಜೆಗಳು ಅವನಿಂದ ಕೊಳ್ಳಕೂಡದು. ಆದ್ದರಿಂದಲೇ ಜಾರಿಯೂ ಎರಡು ಬಗೆ. ಮೆಸೆಂಜರ್ ಅಟ್ ಆರ್ಮ್ಸ್ ಎಂಬ ಅಧಿಕಾರಿ ಸಾಲಗಾರನಿಗೆ ಪ್ರತಿ ಕೊಡುತ್ತಾನೆ. ಬಳಿಕ ಆ ಷೈರ್‌ನ, ಅಂದರೆ ಜಿಲ್ಲೆಯ, ಮುಖ್ಯ ಪಟ್ಟಣದ ಮರ್ಕೆಟ್ ಕ್ರಾಸ್ ಬಳಿ, ಅಂದರೆ ಸಂತೆಚೌಕದ ಕಂಬದೆದುರು ನಿಂತು ಮೂರು ಸಲ 'ಓಯೆಸ್' ಎಂದು ಕೂಗಿ, ಪತ್ರವನ್ನು ಗಟ್ಟಿಯಾಗಿ ಓದಿ, ಪ್ರತಿಯನ್ನು ಅಲ್ಲಿ ಅಂಟಿಸುತ್ತಾನೆ. ಸಾಲಗಾರ ದೇಶ ಬಿಟ್ಟಿದ್ದರೆ ಎಡಿನ್ಬರೋದ ಕ್ರಾಸ್ ಮತ್ತು ಲೀತ್ ಬಂದರಿನ ದಡದಲ್ಲಿ ಸಾರಬೇಕು. ನಿಮ್ಮ ಕಾಗದದಲ್ಲಿ 'ಪಿಯರ್ ಅಂಡ್ ಶೋರ್ ಆಫ್ ಲೀತ್' ಎಂದು ಕಂಡರೆ ಅವನು ಹಡಗು ಹತ್ತಿದನೆಂದಲ್ಲ, ದೇಶದಲ್ಲಿಲ್ಲದವನಿಗೆ ನೋಟಿಸು ಕೊಟ್ಟ ಬಗೆ ಅದು.

'ಓಯೆಸ್' ಎಂಬುದನ್ನು 'ಕೇಳಿರಿ, ಕೇಳಿರಿ' ಎಂದು ಧೈರ್ಯವಾಗಿ ಮಾಡಿ.

ಪತ್ರದ ಒಕ್ಕಣೆಯಲ್ಲಿ ಕ್ರಿಯಾಪದಗಳ ಸಾಲೇ ಇರುತ್ತದೆ. 'ಅನೇಲ್ಯಿ' ಎಂದರೆ ಪರಭಾರೆ ಮಾಡು. ಬರಹದಲ್ಲಿ ಝಡ್ ಅಕ್ಷರ ಕಂಡರೂ ಅದು ಹಳೆಯ ಲಿಪಿಯ 'ಯ'ಕಾರ. 'ಡಿಸ್ಪೋನ್' ಎಂದರೆ ಹಸ್ತಾಂತರ. 'ವಾಡ್ಸೆಟ್'ಗೆ ನಮ್ಮಲ್ಲಿ ಹೇಳಿ ಮಾಡಿಸಿದ ಪದವೇ ಇದೆ: ಭೋಗ್ಯ. ಜಮೀನು ಸಾಲ ಕೊಟ್ಟವನ ಸ್ವಾಧೀನಕ್ಕೆ ಹೋಗಿ, ಬಡ್ಡಿಯ ಬದಲು ಅದರ ಹುಟ್ಟುವಳಿ ಅವನಿಗೆ ಸಲ್ಲುತ್ತದೆ. ಅಸಲು ತೀರಿಸಿದಾಗ ಜಮೀನು ವಾಪಸು. ಒಕ್ಕಣೆಯಲ್ಲಿ ಸರಕು ಸಾಮಾನುಗಳ ಹೆಸರೂ ಬರುತ್ತದೆ. ಅನುವಾದದಲ್ಲಿ ಅದನ್ನು ಬಿಡಬೇಡಿ, ಆದರೆ ರೂಢಿಯಲ್ಲಿ ಪತ್ರದ ಬಲ ಸ್ಥಿರಾಸ್ತಿಗೆ ಮಾತ್ರ ಎಂದು ಅಡಿಟಿಪ್ಪಣಿ ಹಾಕಿ. ಚರಾಸ್ತಿಗೆ ಪಾಯಿಂಡಿಂಗ್, ಅರೆಸ್ಟ್ಮೆಂಟ್ ಎಂಬ ಬೇರೆ ಕ್ರಮಗಳಿದ್ದವು. ಪಾಯಿಂಡಿಂಗ್ ಎಂದರೆ ಸಾಲಗಾರನ ಕೈಯಲ್ಲೇ ಇರುವ ಸರಕಿನ ಜಪ್ತಿ. ಅರೆಸ್ಟ್ಮೆಂಟ್ ಎಂದರೆ ಬಂಧನವಲ್ಲ, ಮೂರನೆಯವರ ಕೈಯಲ್ಲಿರುವ ಸಾಲಗಾರನ ಹಣವನ್ನೋ ಸರಕನ್ನೋ ಅಲ್ಲೇ ತಡೆಹಿಡಿಯುವುದು.

ಗುರುತಾದ ಪದಗಳೇ ಕಾಲು ಜಾರಿಸುತ್ತವೆ. 'ರಿಡಕ್ಷನ್' ಇಳಿಕೆಯಲ್ಲ, ರದ್ದು. ನಿಷೇಧ ಮೀರಿ ಬರೆದುಕೊಟ್ಟ ಕ್ರಯಪತ್ರವನ್ನು ರದ್ದುಗೊಳಿಸುವ ದಾವೆ. ಅಂಥ ಕ್ರಯಪತ್ರ ಹುಟ್ಟಿನಿಂದಲೇ ಶೂನ್ಯವಲ್ಲ, ನಿಷೇಧ ಪತ್ರ ತಂದವನಿಗೆ ಬಾಧಕವಾಗುವಷ್ಟು ಮಾತ್ರ ಬಿದ್ದುಹೋಗುತ್ತದೆ. ಮಾರುವ ಕರಾರು ನಿಷೇಧಕ್ಕೆ ಮುಂಚೆಯೇ ಆಗಿದ್ದರೆ ನಂತರದ ಕ್ರಯವೂ ಉಳಿಯುತ್ತದೆ, ಏಕೆಂದರೆ ಅದು ಸ್ವಇಚ್ಛೆಯ ಹೊಸ ವ್ಯವಹಾರವಲ್ಲ. 'ಹೆರಿಟಬಲ್' ಪಿತ್ರಾರ್ಜಿತವಲ್ಲ, ಸ್ಥಿರಾಸ್ತಿ. 'ಡಿಲಿಜೆನ್ಸ್' ಶ್ರದ್ಧೆಯಲ್ಲ, ವಸೂಲಿ ಕ್ರಮ. 'ಅಡ್ಜುಡಿಕೇಶನ್' ಬರಿಯ ತೀರ್ಪಲ್ಲ, ಸಾಲಕ್ಕೆ ಬದಲು ಜಮೀನನ್ನು ವಹಿಸಿಕೊಡುವ ಡಿಕ್ರಿ. 1672ರ ಕಾಯ್ದೆ ಇದನ್ನು ಹಳೆಯ 'ಅಪ್ರೈಸಿಂಗ್', ಅಂದರೆ ಜಮೀನಿಗೆ ಬೆಲೆ ಕಟ್ಟಿ ಸಾಲಕ್ಕೆ ವಹಿಸಿಕೊಡುವ ಕ್ರಮದ ಬದಲಿಗೆ ತಂದಿತು. ಇಲ್ಲಿ 'ದಿ ಲೀಗಲ್' ಎಂಬುದು ನಾಮಪದ: ಸಾಲ ತೀರಿಸಿ ಜಮೀನು ಬಿಡಿಸಿಕೊಳ್ಳಲು ಇರುವ ಅವಧಿ, ಸಾಮಾನ್ಯ ಅಡ್ಜುಡಿಕೇಶನ್‌ನಲ್ಲಿ 10 ವರ್ಷ. 'ವಿಮೋಚನಾವಧಿ' ಎನ್ನಬಹುದು.

ಕೊನೆಗೆ ತಾರೀಖುಗಳು. 1581ರ ಕಾಯ್ದೆಯಿಂದ ಇನ್ಹಿಬಿಷನ್ ನೋಂದಣಿ ಕಡ್ಡಾಯವಾಯಿತು, ಜಾರಿಯಾದ 40 ದಿನದೊಳಗೆ. ತಪ್ಪಿದರೆ ಪತ್ರ ಅಸಿಂಧುವಾಗುತ್ತಿತ್ತು. ಈ ರಿಜಿಸ್ಟರ್ ನಮ್ಮ ಋಣಭಾರ ಪ್ರಮಾಣಪತ್ರದಂತೆ ಆಸ್ತಿವಾರು ಅಲ್ಲ, ಹೆಸರುವಾರು. ಕೊಳ್ಳುವವನು ಮಾರುವವನ ಹೆಸರನ್ನೇ ಹುಡುಕಬೇಕು. 1868ರ ಕಾಯ್ದೆ ಬಂದಮೇಲೆ ನೋಂದಣಿಯ ನಂತರ ಸಾಲಗಾರ ಸಂಪಾದಿಸಿದ ಜಮೀನಿಗೆ ನಿಷೇಧ ತಗಲುವುದಿಲ್ಲ. ನಿಮ್ಮದು 18ನೇ ಶತಮಾನದ ಕಾಗದವಾದ್ದರಿಂದ ಮುಂದೆ ಬಂದ ಆಸ್ತಿಯೂ ಅದರೊಳಗೇ. ಜಾರಿಯ ತಾರೀಖು ಮತ್ತು ನೋಂದಣಿಯ ತಾರೀಖು ಎರಡನ್ನೂ ಕಾಗದದ ಹಿಂಬದಿಯಲ್ಲಿ ಹುಡುಕಿ, ಅನುವಾದದಲ್ಲಿ ಬೇರೆ ಬೇರೆಯಾಗಿಯೇ ಕೊಡಿ. ವ್ಯಾಜ್ಯ ಈ ಎರಡರ ನಡುವಿನ ದಿನಗಳ ಮೇಲೇ ನಿಂತಿರಬಹುದು.